ಪರದೆ ಹೇಳಿದ್ದೇ ದಾಖಲೆಯಲ್ಲೂ ಇರಲಿ

ಅರ್ಜಿ, ನೋಂದಣಿ, ಸಮೀಕ್ಷೆಯ ಆ್ಯಪ್ ಬರೆಯುವ ಯುವ ಪ್ರೋಗ್ರಾಮರ್‌ಗಳಿಗೆ ಒಂದು ಕೈಪಿಡಿ

ಈ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ವಿಜಯಪುರದ ಒಂದು ಝೆರಾಕ್ಸ್ ಅಂಗಡಿ. ಗಣಕದ ಮುಂದೆ ಕೂತ ಹುಡುಗ ಈಗಷ್ಟೇ ಮುದ್ದೇಬಿಹಾಳ ತಾಲೂಕಿನ ನಾಲತವಾಡದವರೊಬ್ಬರ ಅರ್ಜಿ ತುಂಬಿ ಕಳಿಸಿದ್ದಾನೆ. ಹೊರಗೆ ಸರದಿ ಇದೆ. ಮುಂದಿನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಕುರ್ಚಿಗೆ ಕೂರುತ್ತಾರೆ.

"ಯಾವ ತಾಲೂಕ್ರೀ ಕಾಕಾ?"

"ಇಂಡಿ ಬರ್ಕೋ ತಮ್ಮಾ."

ಹುಡುಗ ಅದೇ ಪುಟದಲ್ಲಿ ತಾಲೂಕಿನ ಪಟ್ಟಿ ಬಿಚ್ಚಿ ಮುದ್ದೇಬಿಹಾಳದ ಬದಲು ಇಂಡಿ ಒತ್ತುತ್ತಾನೆ. ಕೆಳಗಿನ ಹೋಬಳಿಯ ಪೆಟ್ಟಿಗೆಗೆ ಹೊಸ ಪಟ್ಟಿ ಬರುತ್ತದೆ. ಅದರ ಮೊದಲ ಹೆಸರು ಇಂಡಿ. ಬ್ರೌಸರ್ ತಾನಾಗಿಯೇ ಅದನ್ನು ಮೇಲೆ ತೋರಿಸುತ್ತದೆ. ಕಾಕಾನ ಹೋಬಳಿಯೂ ಅದೇ. ಸರಿಯಾಗಿಯೇ ಕಾಣುವುದನ್ನು ಯಾರು ಮುಟ್ಟುತ್ತಾರೆ? ಹುಡುಗ ಕೆಳಗಿಳಿದು ಉಳಿದದ್ದನ್ನು ತುಂಬಿ, ಕಳಿಸುವ ಬಟನ್ ಒತ್ತುತ್ತಾನೆ.

ಒಳಗೆ ಆದದ್ದೇ ಬೇರೆ. ಹೋಬಳಿಯ ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ "ಬದಲಾಯಿತು" ಎಂಬ ಸುದ್ದಿ ಪ್ರೋಗ್ರಾಮಿಗೆ ಬರಲೇ ಇಲ್ಲ. ಅದರ ನೆನಪಿನಲ್ಲಿ ಹೋಬಳಿ ಇನ್ನೂ ನಾಲತವಾಡವೇ. ಹೋದ ಅರ್ಜಿಯಲ್ಲಿ ತಾಲೂಕು ಇಂಡಿ, ಹೋಬಳಿ ನಾಲತವಾಡ. ಅಂಥ ಊರು ಭೂಮಿಯ ಮೇಲಿಲ್ಲ. ಕೆಲವು ವಾರಗಳ ನಂತರ ಕಾಕಾ ಬಸ್ಸಿನ ಚಾರ್ಜು ಕೊಟ್ಟು, ಒಂದು ದಿನದ ಕೂಲಿ ಬಿಟ್ಟು ಮತ್ತೆ ಬರುತ್ತಾರೆ. ಹುಡುಗ ತಪ್ಪು ಮಾಡಿಲ್ಲ, ಕಾಕಾ ತಪ್ಪು ಹೇಳಿಲ್ಲ. ತಪ್ಪು ಆ ಫಾರ್ಮ್ ಬರೆದವರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಹೊರಟು ಸಾಫ್ಟ್‌ವೇರ್ ಕಲಿಯುತ್ತಿರುವ, ಬರೆಯುತ್ತಿರುವ ಎಲ್ಲರೂ ಈ ತಪ್ಪಿನ ಬೇರನ್ನು ತಿಳಿದಿರಬೇಕು.

ಕಾಣುವುದು ಒಂದು, ಇರುವುದು ಒಂದು

ಪರದೆಯ ಮೇಲಿನ ಬಟನ್, ಚೆಕ್‌ಬಾಕ್ಸ್, ಡ್ರಾಪ್‌ಡೌನ್, ಪಠ್ಯ ಪೆಟ್ಟಿಗೆಗಳು ನಿಯಂತ್ರಣಗಳು. ಅವುಗಳ ಹಿಂದೆ ಪ್ರೋಗ್ರಾಮ್ ಇಟ್ಟುಕೊಂಡ ನಿಜವಾದ ಮಾಹಿತಿ ದತ್ತಾಂಶ ಮಾದರಿ, ಅಂದರೆ ಮಾಡೆಲ್. ಈ ಲೇಖನದಲ್ಲಿ ಅದನ್ನು ಸರಳವಾಗಿ ದಾಖಲೆ ಎನ್ನುತ್ತೇನೆ. ಪರದೆ ಒಂದು ಹೇಳಿ ದಾಖಲೆ ಇನ್ನೊಂದು ಹೇಳಿದರೆ ನಂಬಿದವರು ಮೋಸಹೋಗುತ್ತಾರೆ.

ಇದು ಹಳೆಯ ಸಮಸ್ಯೆ. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿದ್ದಾಗ, 1979ರಲ್ಲಿ, ದಾಖಲೆ ಬೇರೆ, ನೋಟ ಬೇರೆ, ನಿಯಂತ್ರಣ ಬೇರೆ ಎಂದು ಬಿಡಿಸಿ ಬರೆದರು. ಮಾಡೆಲ್-ವ್ಯೂ-ಕಂಟ್ರೋಲರ್ ಎಂದು ಇಂದಿಗೂ ಕಾಲೇಜುಗಳಲ್ಲಿ ಕಲಿಸುವುದು ಅದನ್ನೇ. ಫೇಸ್‌ಬುಕ್ಕಿನಂಥ ಕಂಪನಿಗೂ ಪರದೆ-ದಾಖಲೆಗಳ ಈ ಅಂತರ ಕಾಟ ಕೊಟ್ಟಿದೆ: ಓದದ ಸಂದೇಶ ಒಂದಿದೆ ಎಂದು ಕೆಂಪು ಅಂಕಿ ತೋರಿಸುತ್ತಿತ್ತು, ತೆರೆದರೆ ಹೊಸ ಸಂದೇಶವೇ ಇರುತ್ತಿರಲಿಲ್ಲ. ಎಷ್ಟು ಸಲ ಸರಿಪಡಿಸಿದರೂ ಮರಳಿ ಬರುತ್ತಿದ್ದ ಈ ದೋಷವನ್ನೇ ಉದಾಹರಣೆಯಾಗಿಟ್ಟು, 2014ರಲ್ಲಿ ಫೇಸ್‌ಬುಕ್ಕಿನವರು ಮಾಹಿತಿ ಒಂದೇ ದಿಕ್ಕಿನಲ್ಲಿ ಹರಿಯುವ ಫ್ಲಕ್ಸ್ ವಿನ್ಯಾಸವನ್ನು ಮುಂದಿಟ್ಟರು. ರಿಯಾಕ್ಟ್, ವ್ಯೂ, ಆ್ಯಂಗ್ಯುಲರ್ ಇವೆಲ್ಲ ಈ ಹೊಂದಾಣಿಕೆಯ ಭಾರವನ್ನು ಬಹುಮಟ್ಟಿಗೆ ತಾವೇ ಹೊರುತ್ತವೆ. ಆದರೆ ಯಾವ ಮಾಹಿತಿ ಎಲ್ಲಿರಬೇಕು ಎಂಬ ತೀರ್ಮಾನ ಬರೆಯುವವರದೇ.

ನಿಯಮ 1: ಸತ್ಯ ಒಂದೇ ಕಡೆ ಇರಲಿ

ತಾಲೂಕು ಯಾವುದು ಎಂಬುದು ದಾಖಲೆಯಲ್ಲಿ ಮಾತ್ರ ಇರಬೇಕು. ಪೆಟ್ಟಿಗೆ ಅದನ್ನು ನೋಡಿ ತೋರಿಸಬೇಕು. ಬಳಕೆದಾರ ಪೆಟ್ಟಿಗೆಯನ್ನು ಒತ್ತಿದಾಗ ಪೆಟ್ಟಿಗೆ ತಾನು ಬದಲಾಗಿ ಸುಮ್ಮನಾಗಬಾರದು. "ಇಂಡಿ ಬೇಕಂತೆ" ಎಂದು ದಾಖಲೆಗೆ ತಿಳಿಸಬೇಕು, ದಾಖಲೆ ಬದಲಾಗಬೇಕು, ಬದಲಾದ ದಾಖಲೆಯಿಂದ ಪರದೆ ಮತ್ತೆ ಮೂಡಬೇಕು. ಹರಿವು ಒಂದೇ ದಿಕ್ಕಿನದು.

ಆಲಮಟ್ಟಿ ಜಲಾಶಯದ ಗೋಡೆಯ ಮೇಲಿನ ಮಟ್ಟದ ಅಳತೆಪಟ್ಟಿಯನ್ನು ನೆನೆಯಿರಿ. ನೀರು ಏರಿದರೆ ಪಟ್ಟಿಯಲ್ಲಿ ಓದುವ ಅಂಕಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಪಟ್ಟಿಗೆ ತನ್ನದೇ ಅಭಿಪ್ರಾಯವಿಲ್ಲ. ಪರದೆಯೂ ಹಾಗೇ ಇರಬೇಕು.

ಕಳಿಸುವ ಹೊತ್ತಿಗೆ ಪೆಟ್ಟಿಗೆಗಳನ್ನು ಒಂದೊಂದಾಗಿ ಓದಿ ಅರ್ಜಿ ಕಟ್ಟುವುದು, ತುಂಬುವಾಗ ಇನ್ನೊಂದು ಕಡೆ ನೆನಪಿಟ್ಟುಕೊಳ್ಳುವುದು, ಎರಡೂ ಒಟ್ಟಿಗೆ ಬೇಡ. ಎರಡು ಕಡೆ ಬರೆದಿಟ್ಟ ಲೆಕ್ಕ ಒಂದಲ್ಲ ಒಂದು ದಿನ ತಾಳೆಯಾಗುವುದಿಲ್ಲ.

ನಿಯಮ 2: ಲೆಕ್ಕ ಹಾಕಿ ತೆಗೆಯಬಹುದಾದ್ದನ್ನು ಕೂಡಿಡಬೇಡಿ

ಆಲಮಟ್ಟಿಯ ಪೂರ್ಣ ಮಟ್ಟ 519.60 ಮೀಟರ್, ಆಗ ಅದರಲ್ಲಿ ಸುಮಾರು 123 ಟಿಎಂಸಿ ನೀರು. ಮಟ್ಟ ಗೊತ್ತಿದ್ದರೆ ಸಂಗ್ರಹವನ್ನು ಕೋಷ್ಟಕದಿಂದ ತೆಗೆಯಬಹುದು. ನಿಮ್ಮ ಆ್ಯಪಿನಲ್ಲಿ ಮಟ್ಟವನ್ನೂ ಸಂಗ್ರಹವನ್ನೂ ಬೇರೆಬೇರೆಯಾಗಿ ಬರೆದಿಟ್ಟರೆ, ಮಟ್ಟ ತಿದ್ದಿದವರು ಸಂಗ್ರಹ ತಿದ್ದಲು ಮರೆಯುವ ದಿನ ಬಂದೇ ಬರುತ್ತದೆ. ಮೂಲವನ್ನು ಮಾತ್ರ ಇಡಿ. ಉಳಿದದ್ದನ್ನು ತೋರಿಸುವಾಗ ಲೆಕ್ಕ ಹಾಕಿ.

ಫಾರ್ಮಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ "ಎಲ್ಲರನ್ನೂ ಆರಿಸು" ಚೆಕ್‌ಬಾಕ್ಸ್. ನಲವತ್ತು ರೈತರ ಪಟ್ಟಿ, ಮೇಲೊಂದು ಗುರುತು. ಆ ಗುರುತಿಗೆ ಸ್ವಂತ ನೆನಪು ಕೊಡಬೇಡಿ. ಆಯ್ಕೆಯಾದವರ ಸಂಖ್ಯೆ ನಲವತ್ತಾದರೆ ಅದು ತುಂಬಿರಲಿ, ಸೊನ್ನೆಯಾದರೆ ಖಾಲಿ ಇರಲಿ, ನಡುವಿನದಾದರೆ ಅಡ್ಡಗೆರೆ ತೋರಿಸಲಿ. ಈ ಅಡ್ಡಗೆರೆಯ ಸ್ಥಿತಿಯನ್ನು ಎಚ್‌ಟಿಎಂಎಲ್‌ನಲ್ಲಿ ಬರೆಯಲು ಬರುವುದಿಲ್ಲ, ಜಾವಾಸ್ಕ್ರಿಪ್ಟಿನಿಂದಲೇ ಹೊಂದಿಸಬೇಕು ಎಂಬುದು ನೆನಪಿರಲಿ.

ಕಳಿಸುವ ಬಟನ್ ಒತ್ತಲು ಬರಬೇಕೇ ಬೇಡವೇ ಎಂಬುದೂ ಲೆಕ್ಕದಿಂದ ಬರುವುದೇ: ಬೇಕಾದ ಎಲ್ಲ ಮಾಹಿತಿ ಇದೆಯೇ, ತಪ್ಪುಗಳಿಲ್ಲವೇ, ಈಗಾಗಲೇ ಕಳಿಸುತ್ತಿಲ್ಲವೇ? "ಬದಲಾವಣೆ ಉಳಿಸಿಲ್ಲ" ಎಂಬ ಎಚ್ಚರಿಕೆಯೂ ಹಾಗೆಯೇ. ಕೊನೆಯ ಸಲ ಉಳಿಸಿದ ಪ್ರತಿ ಒಂದು, ಈಗ ತಿದ್ದುತ್ತಿರುವ ಕರಡು ಒಂದು; ಎರಡನ್ನೂ ಹೋಲಿಸಿದರೆ ಉತ್ತರ ಸಿಗುತ್ತದೆ. ತಿದ್ದಿ ಮತ್ತೆ ಮೊದಲಿನಂತೆಯೇ ಮಾಡಿದವರಿಗೆ "ಉಳಿಸಲೇ?" ಎಂದು ಸುಮ್ಮನೆ ಕೇಳುವ ಕಿರಿಕಿರಿಯೂ ತಪ್ಪುತ್ತದೆ.

ನಿಯಮ 3: ಮೇಲಿನದು ಬದಲಾದರೆ ಕೆಳಗಿನದು ಖಾಲಿಯಾಗಲಿ

ನಮ್ಮ ಕಡೆ ಉತಾರ ಎನ್ನುವ ಪಹಣಿಯನ್ನು ಆನ್‌ಲೈನಿನಲ್ಲಿ ನೋಡಿದವರಿಗೆ ಈ ಸರಪಳಿ ಗೊತ್ತು: ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ. ಒಂದೊಂದೂ ತನ್ನ ಮೇಲಿನದನ್ನು ಅವಲಂಬಿಸಿದೆ. ಇಂಥ ಕಡೆ ನಿಯಮ ಕಟ್ಟುನಿಟ್ಟು: ತಾಲೂಕು ಬದಲಾದ ಕ್ಷಣವೇ ಹೋಬಳಿಯಿಂದ ಹಿಸ್ಸಾವರೆಗೆ ಎಲ್ಲವೂ ದಾಖಲೆಯಲ್ಲಿ ಖಾಲಿಯಾಗಬೇಕು. ಪರದೆಯಲ್ಲಿ ಖಾಲಿ ಮಾಡಿದರೆ ಸಾಲದು. ಹೊಸ ಪಟ್ಟಿಯ ತಲೆಯಲ್ಲಿ ಬೆಲೆ (ವ್ಯಾಲ್ಯೂ) ಇಲ್ಲದ "ಆರಿಸಿ" ಎಂಬ ಸಾಲಿರಲಿ. ಮೊದಲ ಹೆಸರು ತಾನಾಗಿ ಆಯ್ಕೆಯಾದಂತೆ ಕಾಣುವುದು ಅಲ್ಲಿಗೇ ನಿಲ್ಲುತ್ತದೆ. ಇಷ್ಟು ಮಾಡಿದ್ದರೆ ಇಂಡಿಯ ಕಾಕಾ ಎರಡನೇ ಸಲ ಬರಬೇಕಾಗಿರಲಿಲ್ಲ.

ಇದರಲ್ಲೇ ಇನ್ನೊಂದು ಗುಪ್ತ ದೋಷವಿದೆ, ಅದು ಹಳ್ಳಿಯ ನೆಟ್‌ವರ್ಕಿನಲ್ಲಿ ಮಾತ್ರ ಮೇಲೆ ಬರುತ್ತದೆ. ಬಳಕೆದಾರ ಮೊದಲು ಸಿಂದಗಿ ಒತ್ತಿದ. ಹೋಬಳಿ ಪಟ್ಟಿಗಾಗಿ ಸರ್ವರಿಗೆ ವಿನಂತಿ ಹೋಯಿತು. ತಪ್ಪಾಯಿತೆಂದು ಕೂಡಲೇ ಇಂಡಿ ಒತ್ತಿದ. ಎರಡನೇ ವಿನಂತಿ ಹೋಯಿತು. ಇಂಡಿಯ ಉತ್ತರ ಬೇಗ ಬಂತು, ಸಿಂದಗಿಯದು ತಡವಾಗಿ ಬಂದು ಅದರ ಮೇಲೆ ಕೂತಿತು. ಈಗ ತಾಲೂಕು ಇಂಡಿ, ಪಟ್ಟಿ ಸಿಂದಗಿಯದು. ಬೆಂಗಳೂರಿನ ಕಚೇರಿಯ ವೇಗದ ವೈಫೈನಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. ಮದ್ದು ಸುಲಭ: ಉತ್ತರ ಬಂದಾಗ ಅದು ಯಾವ ತಾಲೂಕಿನದು ಎಂದು ನೋಡಿ, ದಾಖಲೆಯಲ್ಲಿ ಈಗ ಇರುವ ತಾಲೂಕಿನದಲ್ಲವಾದರೆ ಎಸೆದುಬಿಡಿ. ಸಾಧ್ಯವಿದ್ದರೆ ಹಳೆಯ ವಿನಂತಿಯನ್ನೇ ರದ್ದು ಮಾಡಿ.

ನಿಯಮ 4: ಹೆಸರಿನಿಂದ ಗುರುತಿಸಬೇಡಿ

ಯಾರಾದರೂ ಬರೀ "ಹಿಪ್ಪರಗಿ" ಎಂದರೆ ಯಾವುದು? ದೇವರ ಹಿಪ್ಪರಗಿ ಸಿಂದಗಿ ಕಡೆಗಿದೆ, ಹೂವಿನ ಹಿಪ್ಪರಗಿ ಬಸವನ ಬಾಗೇವಾಡಿ ಕಡೆಗೆ. ಪಕ್ಕದ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ ಕಟ್ಟಿದ ಬ್ಯಾರೇಜಿನ ಹೆಸರೂ ಹಿಪ್ಪರಗಿ. ಹೆಸರು ಜನರಿಗೆ, ಸಂಕೇತ ಯಂತ್ರಕ್ಕೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರ ಕೋಶವು (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಪ್ರತಿ ಜಿಲ್ಲೆ, ತಾಲೂಕು, ಗ್ರಾಮಕ್ಕೂ ಒಂದು ಸಂಕೇತ ಸಂಖ್ಯೆ ಕೊಟ್ಟಿದೆ. ದಾಖಲೆಯಲ್ಲಿ ಆ ಸಂಖ್ಯೆ ಇರಲಿ, ಪರದೆಯಲ್ಲಿ ಹೆಸರು ಕಾಣಲಿ.

ಹೆಸರುಗಳು, ಗಡಿಗಳು ಬದಲಾಗುತ್ತಲೇ ಇರುತ್ತವೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು. 2011ರ ಜನಗಣತಿಯ ಹೊತ್ತಿಗೆ ಜಿಲ್ಲೆಯಲ್ಲಿದ್ದದ್ದು ಐದೇ ತಾಲೂಕು: ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. 2017ರ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳು ಮುಂದಿನ ವರ್ಷ ಜಾರಿಗೆ ಬಂದಾಗ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ, ವಿಜಯಪುರದಿಂದ ಬಬಲೇಶ್ವರ ಮತ್ತು ತಿಕೋಟಾ ಬೇರೆಯಾದವು. ಆಮೇಲೆ ಆಲಮೇಲವೂ ಸೇರಿತು. ಆಲಮಟ್ಟಿ ಬಾಗೇವಾಡಿ ತಾಲೂಕಿನಿಂದ ನಿಡಗುಂದಿ ತಾಲೂಕಿಗೆ ಬಂತು. ಊರು ಮಾತ್ರ ಇದ್ದಲ್ಲೇ ಇದೆ.

ಈಗ ಯೋಚಿಸಿ. 2016ರಲ್ಲಿ "ತಾಲೂಕು: ಸಿಂದಗಿ" ಎಂದು ಉಳಿಸಿದ ದೇವರ ಹಿಪ್ಪರಗಿಯ ಅರ್ಜಿಯನ್ನು ಇಂದು ತಿದ್ದಲು ತೆರೆದರೆ ಪರದೆ ಏನು ತೋರಿಸಬೇಕು? ಹೊಸ ಪಟ್ಟಿಯಲ್ಲಿ ಸಿಂದಗಿಯ ಕೆಳಗೆ ಆ ಊರಿಲ್ಲ. ಬಹಳ ಫಾರ್ಮ್‌ಗಳು ಇಲ್ಲಿ ಖಾಲಿ ಪೆಟ್ಟಿಗೆ ತೋರಿಸುತ್ತವೆ, ಅಥವಾ ಪಟ್ಟಿಯ ಮೊದಲ ಊರನ್ನು ತೋರಿಸುತ್ತವೆ. ತಿದ್ದಲು ಬಂದವರು ಅರಿಯದೆಯೇ ಉಳಿಸಿದರೆ ಊರೇ ಬದಲಾಗುತ್ತದೆ. ದಾಖಲೆಯಲ್ಲಿರುವ ಬೆಲೆ ಪಟ್ಟಿಯಲ್ಲಿಲ್ಲದಿದ್ದರೆ ಅದನ್ನು ಅಡಗಿಸಬೇಡಿ. "ಹಳೆಯ ದಾಖಲೆ: ಸಿಂದಗಿ ತಾಲೂಕು" ಎಂದು ತೋರಿಸಿ, ಹೊಸದನ್ನು ಆರಿಸಲು ಕೇಳಿ.

ಪಟ್ಟಿಯ ಸಾಲುಗಳಿಗೂ ಇದೇ ಮಾತು. "ಮೂರನೇ ಸಾಲು ಆಯ್ಕೆಯಾಗಿದೆ" ಎಂದು ನೆನಪಿಟ್ಟರೆ, ಹೆಸರಿನ ಪ್ರಕಾರ ಪಟ್ಟಿ ಜೋಡಿಸಿದ ಕೂಡಲೇ ಮೂರನೇ ಸಾಲಿನಲ್ಲಿ ಬೇರೊಬ್ಬ ರೈತ ಇರುತ್ತಾನೆ. ಆಯ್ಕೆಯನ್ನು ಸಾಲಿನ ಸ್ಥಾನದಿಂದಲ್ಲ, ರೈತನ ಗುರುತಿನ ಸಂಖ್ಯೆಯಿಂದ ಇಟ್ಟುಕೊಳ್ಳಿ.

ನಿಯಮ 5: ಎಕರೆ-ಗುಂಟೆಯನ್ನು ದಶಮಾಂಶ ಮಾಡಬೇಡಿ

ನಮ್ಮ ಉತಾರದಲ್ಲಿ ಹೊಲದ ಅಳತೆ ಎಕರೆ, ಗುಂಟೆ, ಆಣೆಯಲ್ಲಿ ಇರುತ್ತದೆ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಜನ 2-20 ಎಂದು ಬರೆಯುತ್ತಾರೆ. ಅದನ್ನು ದಾಖಲೆಯಲ್ಲಿ 2.20 ಎಂದಿಟ್ಟರೆ ಅನಾಹುತ. 2-20ಕ್ಕೆ 1-30 ಕೂಡಿಸಿದರೆ ಯಂತ್ರ 3.50 ಎನ್ನುತ್ತದೆ, ನಿಜವಾದ ಉತ್ತರ 4 ಎಕರೆ 10 ಗುಂಟೆ. ಪರಿಹಾರವೋ ವಿಮೆಯೋ ವಿಸ್ತೀರ್ಣದ ಮೇಲೆ ನಿಂತಿರುವಾಗ ಈ ವ್ಯತ್ಯಾಸ ರೈತನ ಜೇಬಿಗೇ ತಾಗುತ್ತದೆ.

ಸರಿಯಾದ ದಾರಿ: ದಾಖಲೆಯಲ್ಲಿ ಅತಿ ಸಣ್ಣ ಅಳತೆಯ ಒಂದೇ ಪೂರ್ಣಾಂಕ ಇರಲಿ. 2 ಎಕರೆ 20 ಗುಂಟೆ ಎಂದರೆ 1,600 ಆಣೆ. ಕೂಡಿಸುವುದು, ಕಳೆಯುವುದು, ವಾಟ್ನಿಯಲ್ಲಿ (ಆಸ್ತಿ ಪಾಲಿನಲ್ಲಿ) ಹಂಚುವುದು ಎಲ್ಲ ಆಣೆಯಲ್ಲೇ ನಡೆಯಲಿ. ಪರದೆಯಲ್ಲಿ ಮಾತ್ರ ಮೂರು ಪೆಟ್ಟಿಗೆಗಳಾಗಿ ಒಡೆದು ತೋರಿಸಿ.

ಆದರೆ ಬೆರಳು ಇನ್ನೂ ಓಡುತ್ತಿರುವಾಗ ಅಂಕಿಗಳನ್ನು ಕಸಿದುಕೊಳ್ಳಬೇಡಿ. ಗುಂಟೆಯ ಪೆಟ್ಟಿಗೆಯಲ್ಲಿ 45 ಬರೆದ ಕ್ಷಣವೇ ಅದು 5 ಆಗಿ, ಪಕ್ಕದ ಎಕರೆ ಒಂದು ಏರಿದರೆ ಬರೆಯುವವರು ಕಂಗಾಲಾಗುತ್ತಾರೆ. ಟೈಪ್ ಮಾಡುತ್ತಿರುವ ಅಕ್ಷರಗಳನ್ನು ಕರಡಿನಲ್ಲಿ ಇದ್ದ ಹಾಗೆಯೇ ಇಡಿ. ಪೆಟ್ಟಿಗೆಯಿಂದ ಹೊರಬಂದ ಮೇಲೆ "45 ಗುಂಟೆ ಎಂದರೆ 1 ಎಕರೆ 5 ಗುಂಟೆ, ಸರಿಯೇ?" ಎಂದು ಕೇಳಿ, ಒಪ್ಪಿದರೆ ದಾಖಲೆಗೆ ಏರಿಸಿ. ಖಾಲಿ ಪೆಟ್ಟಿಗೆ ಸೊನ್ನೆಯಲ್ಲ ಎಂಬುದೂ ನೆನಪಿರಲಿ.

ನಿಯಮ 6: "ಇಲ್ಲ" ಬೇರೆ, "ಕೇಳಿಲ್ಲ" ಬೇರೆ

"ಬೋರ್‌ವೆಲ್ ಇದೆಯೇ?" ಎಂದು ಒಂದು ಚೆಕ್‌ಬಾಕ್ಸ್. ಗುರುತು ಹಾಕಿಲ್ಲ. ಇದರ ಅರ್ಥವೇನು? ಬೋರ್‌ವೆಲ್ ಇಲ್ಲವೋ, ತುಂಬುವವರು ಆ ಪ್ರಶ್ನೆಯನ್ನೇ ನೋಡಲಿಲ್ಲವೋ? ಚೆಕ್‌ಬಾಕ್ಸಿಗೆ ಎರಡೇ ಉತ್ತರ ಗೊತ್ತು, ದಾಖಲೆಗೆ ಮೂರು ಬೇಕು: ಹೌದು, ಇಲ್ಲ, ಇನ್ನೂ ಉತ್ತರಿಸಿಲ್ಲ. ಇಂಥ ಕಡೆ ಹೌದು/ಇಲ್ಲ ಎಂಬ ಎರಡು ರೇಡಿಯೋ ಬಟನ್ ಇಟ್ಟು, ಮೊದಲಿಗೆ ಯಾವುದನ್ನೂ ಆರಿಸದೆ ಬಿಡಿ.

ಬ್ರೌಸರಿನ ಕೆಲವು ಸ್ವಭಾವಗಳೂ ತಿಳಿದಿರಲಿ. ಮಾಮೂಲಿ ಎಚ್‌ಟಿಎಂಎಲ್ ಫಾರ್ಮ್ ಕಳಿಸುವಾಗ ಗುರುತು ಹಾಕದ ಚೆಕ್‌ಬಾಕ್ಸಿನ ಹೆಸರೇ ಸರ್ವರಿಗೆ ಹೋಗುವುದಿಲ್ಲ. ನಿಷ್ಕ್ರಿಯ ಮಾಡಿದ ಪೆಟ್ಟಿಗೆಯೂ ಹೋಗುವುದಿಲ್ಲ; ತಾಲೂಕನ್ನು ತೋರಿಸಿ ಬೂದು ಮಾಡಿಟ್ಟರೆ ಅರ್ಜಿಯಲ್ಲಿ ತಾಲೂಕೇ ಇರುವುದಿಲ್ಲ. ಪುಟವನ್ನು ರಿಫ್ರೆಶ್ ಮಾಡಿದಾಗ ಫೈರ್‌ಫಾಕ್ಸ್ ಹಳೆಯ ಗುರುತುಗಳನ್ನು ಉಳಿಸಿಕೊಳ್ಳಬಹುದು, ನಿಮ್ಮ ಪ್ರೋಗ್ರಾಮಿನ ನೆನಪು ಮಾತ್ರ ಹೊಸದಾಗಿರುತ್ತದೆ. ಪುಟ ತೆರೆದ ಕೂಡಲೇ ದಾಖಲೆಯಿಂದ ಎಲ್ಲ ನಿಯಂತ್ರಣಗಳನ್ನೂ ಒಮ್ಮೆ ಹೊಂದಿಸುವುದು ಇದಕ್ಕೆ ಮದ್ದು.

ನಿಯಮ 7: ಕನ್ನಡ ಅಕ್ಷರವನ್ನು ಒಳಗಿನಿಂದಲೂ ನೋಡಿ

ಕಾಣುವುದು ಒಂದು, ಇರುವುದು ಇನ್ನೊಂದು ಎಂಬುದನ್ನು ಕನ್ನಡಿಗರು ಬಹಳ ಹಿಂದೆಯೇ ಉಂಡಿದ್ದಾರೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಪರದೆಯ ಮೇಲೆ ಅಂದವಾದ ಕನ್ನಡ, ಕಡತದೊಳಗೆ ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಸಂಕೇತ. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಗೀಚು. ಹಳೆಯ ಪಟ್ಟಿಗಳನ್ನು ಆ್ಯಪಿಗೆ ತುಂಬುವಾಗ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ನಾಲ್ಕು ಹೆಸರು ಕಣ್ಣಾರೆ ಓದಿ ನೋಡಿ.

ಯೂನಿಕೋಡಿನಲ್ಲೂ ಎಚ್ಚರ ಬೇಕು. "ಹೋಬಳಿ"ಯ "ಹೋ"ದಲ್ಲಿರುವ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಹುಡುಕಿದರೆ ಸಿಗುವುದಿಲ್ಲ, ಹೋಲಿಸಿದರೆ ತಾಳೆಯಾಗುವುದಿಲ್ಲ. ಉಳಿಸುವ ಮೊದಲು ಪಠ್ಯವನ್ನು ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. "ಚೆಕ್‌ಬಾಕ್ಸ್"ನಂಥ ಪದದಲ್ಲಿ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ. ಎನ್‌ಎಫ್‌ಸಿ ಅದನ್ನು ತೆಗೆಯುವುದಿಲ್ಲ. ತೋರಿಸುವ ಪ್ರತಿಯಲ್ಲಿ ಅದು ಇರಲಿ, ಹುಡುಕಾಟಕ್ಕೆ ಹೋಲಿಸುವಾಗ ಬಿಟ್ಟುಬಿಡಿ. ಹಾಗೆಯೇ ೧೨ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆಯೆಂದು ಒಪ್ಪುವುದಿಲ್ಲ. ಬರೆದವರದು ತಪ್ಪಲ್ಲ, ನೀವೇ 12ಕ್ಕೆ ಬದಲಿಸಿಕೊಳ್ಳಿ.

ನಿಯಮ 8: ಕಳಿಸಿದ್ದು ಮುಟ್ಟಿದ್ದಲ್ಲ

2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಆದರೂ ಹೊಲ ಕೊಂಡವರಿಗೆಲ್ಲ ಒಂದು ಪಾಠ ಗೊತ್ತಿದೆ: ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿ ನೋಂದಣಿಯಾದ ಸಂಜೆಯೇ ಉತಾರದಲ್ಲಿ ಹೆಸರು ಏರುವುದಿಲ್ಲ. ಮ್ಯುಟೇಶನ್ ಶುರುವಾಗಬೇಕು, ಆಕ್ಷೇಪಣೆಗೆ ಅವಧಿ ಕೊಡಬೇಕು, ಕಂದಾಯ ನಿರೀಕ್ಷಕರು ಒಪ್ಪಬೇಕು. ಅಲ್ಲಿಯವರೆಗೆ ಒಂಬತ್ತನೇ ಕಾಲಂನಲ್ಲಿ ಹಳೆಯ ಹೆಸರೇ. "ಖರೀದಿ ಆತು, ಹೆಸರು ಇನ್ನಾ ಏರಿಲ್ಲ" ಎಂದು ಕಟ್ಟೆಯ ಮೇಲೆ ಕೂತವರು ಹೇಳುವಾಗ, ಪ್ರೋಗ್ರಾಮರ್‌ಗಳು ತಡವಾಗಿ ಕಲಿಯುವ ಸತ್ಯವನ್ನೇ ಹೇಳುತ್ತಿರುತ್ತಾರೆ: ಕೆಲಸ ಆಗುತ್ತಿದೆ ಎಂಬುದೂ ಒಂದು ಸ್ಥಿತಿ, ಅದನ್ನು ಇದ್ದ ಹಾಗೆ ತೋರಿಸಬೇಕು.

ಬೆಳೆ ಸಮೀಕ್ಷೆಯ ಆ್ಯಪನ್ನೇ ನೋಡಿ. 2020ರ ಮುಂಗಾರಿನಿಂದ ರೈತರೇ ತಮ್ಮ ಹೊಲದ ಬೆಳೆ ವಿವರವನ್ನು ಮೊಬೈಲಿನಲ್ಲಿ ದಾಖಲಿಸುವ ಅವಕಾಶ ಬಂತು. ತೊಗರಿ ಹೊಲದ ನಡುವೆ ನಿಂತು ಫೋಟೋ ತೆಗೆದಾಗ ಸಿಗ್ನಲ್ ಇಲ್ಲದಿರಬಹುದು. ಇಂಥ ಆ್ಯಪ್ ಬರೆಯುವವರು ಹಸಿರು ಗುರುತನ್ನು ತೋರಿಸುವ ಮೊದಲು ನೂರು ಸಲ ಯೋಚಿಸಬೇಕು. ಮೊಬೈಲಿನಲ್ಲಿ ಉಳಿದದ್ದು ಒಂದು ಸ್ಥಿತಿ, ಸರ್ವರ್ ಸ್ವೀಕರಿಸಿದ್ದು ಇನ್ನೊಂದು. ಎರಡಕ್ಕೂ ಒಂದೇ ಹಸಿರು ಬೇಡ. "ಫೋನಿನಲ್ಲಿ ಉಳಿದಿದೆ, ಇನ್ನೂ ಕಳಿಸಿಲ್ಲ" ಎಂದು ಬಿಡಿಸಿ ಬರೆಯಿರಿ.

ದಾಖಲೆಯಲ್ಲಿ ಇದನ್ನು ಇಡುವ ಬಗೆಯೂ ಮುಖ್ಯ. ಉಳಿದಿದೆಯೇ, ಕಳಿಸುತ್ತಿದೆಯೇ, ಮುಟ್ಟಿತೇ, ವಿಫಲವಾಯಿತೇ ಎಂದು ನಾಲ್ಕು ಹೌದು-ಇಲ್ಲಗಳನ್ನಿಟ್ಟರೆ 16 ಜೋಡಣೆಗಳು ಸಾಧ್ಯ. "ಮುಟ್ಟಿದೆ, ವಿಫಲವೂ ಆಗಿದೆ" ಎಂಬ ಅಸಂಬದ್ಧವೂ ಅವುಗಳಲ್ಲೊಂದು. ಬದಲಿಗೆ "ಸ್ಥಿತಿ" ಎಂಬ ಒಂದೇ ಅಂಶ ಇಟ್ಟು, ಅದಕ್ಕೆ ನಾಲ್ಕರಲ್ಲಿ ಒಂದೇ ಬೆಲೆ ಇರುವಂತೆ ಮಾಡಿ. ಅಸಾಧ್ಯವಾದದ್ದನ್ನು ಬರೆಯಲೂ ಬರದಂತೆ ಮಾಡುವುದೇ ಒಳ್ಳೆಯ ಮಾದರಿ.

ಎರಡು ಸಲ ಒತ್ತಿದರೆ ಎರಡು ಅರ್ಜಿ ಹೋಗದಿರಲು ಬಟನ್ ಮುಚ್ಚಿದರೆ ಸಾಲದು. ಕಳಿಸುವ ಮೊದಲೇ ಅರ್ಜಿಗೆ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹಳೆಯ ಉತ್ತರವನ್ನೇ ಕೊಡುವಂತಿರಲಿ. ಒಂದೇ ದಾಖಲೆಯನ್ನು ಇಬ್ಬರು ತಿದ್ದುವ ಕಡೆ ಪ್ರತಿ ಬದಲಾವಣೆಗೂ ಆವೃತ್ತಿ ಸಂಖ್ಯೆ ಏರಲಿ. ಹಳೆಯ ಆವೃತ್ತಿ ನೋಡಿ ತಿದ್ದಿದವರಿಗೆ "ನೀವು ತೆರೆದ ಮೇಲೆ ಇದು ಬದಲಾಗಿದೆ" ಎಂದು ತೋರಿಸಿ. ಒಬ್ಬರ ಕೆಲಸ ಇನ್ನೊಬ್ಬರದನ್ನು ಸದ್ದಿಲ್ಲದೆ ಅಳಿಸಬಾರದು.

ಪರೀಕ್ಷೆ ಮಾಡುವುದು ಹೇಗೆ?

ಬರೆಯುವ ದಿನಗಳಲ್ಲಿ ಫಾರ್ಮಿನ ಪಕ್ಕದಲ್ಲೇ ದಾಖಲೆಯನ್ನು ಹಾಗೇ ಅಚ್ಚು ಮಾಡಿ ತೋರಿಸುವ ಒಂದು ಸಣ್ಣ ಕಿಟಕಿ ಇಟ್ಟುಕೊಳ್ಳಿ. ಎಡಗಡೆ ಪರದೆ, ಬಲಗಡೆ ದಾಖಲೆ. ಒಂದೊಂದು ಪೆಟ್ಟಿಗೆ ಮುಟ್ಟಿದಾಗಲೂ ಎರಡನ್ನೂ ಓದಿ. ಈ ಸುಲಭ ಉಪಾಯದಷ್ಟು ದೋಷ ಹಿಡಿಯುವ ಸಾಧನ ಇನ್ನೊಂದಿಲ್ಲ. ಆಮೇಲೆ ಈ ಏಳು ಪರೀಕ್ಷೆಗಳನ್ನು ಮಾಡಿ:

1. ಎಲ್ಲ ತುಂಬಿದ ಮೇಲೆ ತಾಲೂಕು ಬದಲಿಸಿ. ದಾಖಲೆಯಲ್ಲಿ ಹೋಬಳಿ, ಗ್ರಾಮ, ಸರ್ವೆ ನಂಬರ್ ಖಾಲಿಯಾದವೇ?
2. ಬ್ರೌಸರಿನ ಡೆವಲಪರ್ ಸಾಧನಗಳಲ್ಲಿ ನೆಟ್‌ವರ್ಕ್ ನಿಧಾನ ಮಾಡಿ, ಎರಡು ತಾಲೂಕುಗಳನ್ನು ಬೆನ್ನುಬೆನ್ನಿಗೆ ಒತ್ತಿ. ಪಟ್ಟಿ ಯಾವ ತಾಲೂಕಿನದು?
3. ಪಟ್ಟಿಯಿಂದ ಕೈಬಿಟ್ಟ ಹೆಸರಿರುವ ಹಳೆಯ ದಾಖಲೆ ತೆರೆದು, ಏನೂ ಮುಟ್ಟದೆ ಉಳಿಸಿ. ಏನಾದರೂ ಬದಲಾಯಿತೇ?
4. ಮೂವರನ್ನು ಆರಿಸಿ ಪಟ್ಟಿಯನ್ನು ಮರುಜೋಡಿಸಿ. ಅದೇ ಮೂವರು ಉಳಿದರೇ?
5. ಕಳಿಸುವ ಕ್ಷಣದಲ್ಲಿ ಇಂಟರ್ನೆಟ್ ಕಡಿದುಹಾಕಿ. ಪರದೆ ನಿಜ ಹೇಳುತ್ತಿದೆಯೇ?
6. ಅರ್ಧ ತುಂಬಿ ರಿಫ್ರೆಶ್ ಮಾಡಿ, ಹಿಂದಿನ ಪುಟಕ್ಕೆ ಹೋಗಿ ಮರಳಿ ಬನ್ನಿ. ಗುರುತುಗಳೂ ದಾಖಲೆಯೂ ತಾಳೆಯಾಗುತ್ತವೆಯೇ?
7. ಸ್ಕ್ರೀನ್ ರೀಡರ್ ಹಾಕಿ ಕಣ್ಣು ಮುಚ್ಚಿ ತುಂಬಿ. ಬಣ್ಣ ಬದಲಿಸಿ ಚೆಕ್‌ಬಾಕ್ಸಿನಂತೆ ಕಾಣಿಸಿದ ಚೌಕ, ಕಣ್ಣು ಕಾಣದವರ ಕಿವಿಗೆ ಏನೆಂದು ಹೇಳುತ್ತಿದೆ?

ಫಾರ್ಮ್ ತುಂಬಲು ಕೂತವರಿಗೂ ಒಂದು ಮಾತು. ಕಳಿಸುವ ಮೊದಲು ಸಾರಾಂಶದ ಪುಟ ಬಂದರೆ ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಎದುರಿಗೆ ಕೂತವರಿಗೆ ಗಟ್ಟಿಯಾಗಿ ಓದಿ ಹೇಳಿ. ಒಬ್ಬರದು ಮುಗಿದ ಮೇಲೆ ಅದೇ ಪುಟದಲ್ಲಿ ತಿದ್ದುತ್ತ ಮುಂದಿನವರದನ್ನು ತುಂಬದೆ, ಹೊಸ ಫಾರ್ಮ್ ತೆರೆಯಿರಿ. ಸ್ವೀಕೃತಿ ಸಂಖ್ಯೆ ಬರುವವರೆಗೆ "ಆಯ್ತು" ಎನ್ನಬೇಡಿ.

ಬರೆಯುವವರಿಗೆ ನನ್ನ ಕೊನೆಯ ಕೋರಿಕೆ ಇದು. ಸಾರಾಂಶದ ಪುಟವನ್ನು ಪೆಟ್ಟಿಗೆಗಳಿಂದ ನಕಲು ಮಾಡಬೇಡಿ, ಕಳಿಸಲಿರುವ ದಾಖಲೆಯಿಂದಲೇ ಮೂಡಿಸಿ. ಇಂಡಿಯ ಕಾಕಾ ಓದುವುದು ಅದನ್ನು, ನಂಬಿ ಮನೆಗೆ ಹೋಗುವುದು ಅದರ ಮೇಲೆ. ಅದು ನಿಜವನ್ನೇ ಹೇಳಲಿ.